ಹರಕೆ ಮರಿಗೊಂದು ಮುಚ್ಚಳಿಕೆ

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಬೆನ್ನ ಹಿಂದೆ ಅಂದದ್ದಲ್ಲ. ಎದುರಿಗೇ, ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಅಂದರು. ನಾನು ಕೆಮಿಸ್ಟ್ರಿಯಲ್ಲಿ ಫೇಲಾದ ಸುದ್ದಿ ಬಂದ ಸಂಜೆ ಅದು.

"ನಮ್ ಮನೆ ನೀರ್ಗೆ ಅದು ಒಗ್ಗಾಕಿಲ್ಲ ಕಣ್ಲಾ," ಎಂದರು ಅಪ್ಪನಿಗೆ. "ನಾನು ಮಿಡ್ಲಿಸ್ಕೂಲು, ನೀನು ಎಸ್ಸೆಲ್ಸಿ ಡುಮ್ಕಿ. ಇವ್ಳು ಇಷ್ಟ್ ದೂರ ಓಗಿರದೇ ಎಚ್ಚು. ಬಸ್ ಪಾಸು ವಾಪಸ್ ಕೊಟ್ಬುಟ್ಟು ಬರ್ಲಿ."

ಅದಕ್ಕೆ ಉತ್ತರ ಕೊಟ್ಟವಳು ನನ್ನ ಸೋದರತ್ತೆ. ಅಪ್ಪನಿಗೂ ದೊಡ್ಡಪ್ಪನಿಗೂ ಅವಳು ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು, ಒಂದಷ್ಟು ಕುರಿ ಕಟ್ಟಿಕೊಂಡು, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು. ನನ್ನ ಪುಸ್ತಕ, ಪರೀಕ್ಷೆ ಶುಲ್ಕ, ಮಂಡ್ಯದಲ್ಲಿ ಮಧ್ಯಾಹ್ನದ ತಿಂಡಿ ಎಲ್ಲ ಆ ಕುರಿಗಳಿಂದಲೇ ಬರುತ್ತಿತ್ತು. ಹುಲ್ಲಿನ ಹೊರೆ ಇಳಿಸಿ ಒಳಗೆ ಬರುತ್ತಿದ್ದವಳು ಅಣ್ಣನ ಮಾತು ಕೇಳಿ ಅಲ್ಲೇ ನಿಂತಳು.

"ಬಾಯ್ ಮುಚ್ಕಂಡು ಎಲೆ ಆಕಳಣ್ಣ ನೀನು. ಇವ್ಳು ಪಾಸಾದ್ರೆ ಊರಮ್ಮನಿಗೆ ಒಂದು ಟಗರು ಕೊಡ್ತೀನಿ. ನಮ್ ಬಂಡೂರು ತಳೀದೇ ಕೊಡ್ತೀನಿ. ಕೇಳುಸ್ಕಳವ್ವ ತಾಯಿ!" ಎಂದು ಗುಡಿಯ ಕಡೆ ತಿರುಗಿ ಕೈ ಮುಗಿದಳು.

"ಫೇಲಾದ್ರೆ ಟಗರು ಉಳೀತದೆ, ಪಾಸಾದ್ರೆ ಬಾಡೂಟ. ಎಂಗಾದ್ರೂ ನಷ್ಟ ಇಲ್ಲ ಬುಡು," ಎಂದರು ದೊಡ್ಡಪ್ಪ.

ನಾನು ಬಸ್ ಪಾಸು ಹಿಂದಿರುಗಿಸಲಿಲ್ಲ. ಮಳವಳ್ಳಿ ಕಡೆಯ ನಮ್ಮ ಊರಿನಿಂದ ಬೆಳಿಗ್ಗೆ ಹೊರಟು, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮಂಡ್ಯ ಸೇರುವಾಗ ಮೊದಲ ಪಾಠ ಅರ್ಧ ಆಗಿರುತ್ತಿತ್ತು. ಆ ಅರ್ಧ ಪಾಠವನ್ನು ಗೆಳತಿಯರ ನೋಟ್ಸಿನಿಂದ ಬರೆದುಕೊಂಡು, ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಓದಿ, ಸಿಗದ ದಿನ ನಿಂತೇ ಓದಿ, ಫೇಲಾಗಿದ್ದ ಪೇಪರನ್ನೂ ಸೇರಿಸಿ ಬಿ.ಎಸ್ಸಿ. ಪಾಸು ಮಾಡಿದೆ. ಫಸ್ಟ್ ಕ್ಲಾಸೇನೂ ಅಲ್ಲ. ಆದರೆ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಪಾಸಾದವಳು ಮನೆಯಲ್ಲಿ ಕೂತರೆ ಮದುವೆ ಮಾತು ಶುರುವಾಗುತ್ತದೆ. ಹಾಗಾಗಿ ಕೆಲಸಕ್ಕೆ ಅರ್ಜಿ ಹಾಕುತ್ತಲೇ, ಮದ್ದೂರಿನಿಂದ ಸ್ವಲ್ಪ ಈಚೆಗೆ ಮಳವಳ್ಳಿ ರಸ್ತೆಯಲ್ಲಿದ್ದ ಒಂದು ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ ಹೋಗತೊಡಗಿದೆ. ಮೊದಲು ಅದು ಆಲೆಮನೆ. ಬೆಲ್ಲ ಮಾಡುವುದು ನಿಂತ ಮೇಲೆ ನಿವೃತ್ತರಾದ ಒಬ್ಬ ಪಶುವೈದ್ಯರು ಜಾಗ ಕೊಂಡು, ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕ ನಾಯಿ, ಕಣ್ಣು ಹೋದ ಎತ್ತು, ಯಾರೋ ಬಿಟ್ಟುಹೋದ ಕತ್ತೆ, ಹೀಗೆ ಬಂದದ್ದನ್ನೆಲ್ಲ ಕಟ್ಟಿಕೊಂಡಿದ್ದರು. ಕೊಪ್ಪರಿಗೆ ಇಡುತ್ತಿದ್ದ ಒಲೆಯ ಗುಂಡಿಯೊಳಗೆ ನಾಯಿಮರಿಗಳು ಮಲಗುತ್ತಿದ್ದವು. ಮಳೆ ಬಂದರೆ ಗೋಡೆಯಿಂದ ಇನ್ನೂ ಬೆಲ್ಲದ ವಾಸನೆ ಏಳುತ್ತಿತ್ತು.

ಮೊದಲ ದಿನ ನನ್ನ ಓದಿನ ವಿಚಾರ ಹೇಳಿಕೊಂಡಾಗ ಡಾಕ್ಟರು, "ಜುವಾಲಜಿನಾ? ಒಳ್ಳೇದಾಯ್ತು. ಪೊರಕೆ ಆ ಮೂಲೇಲಿದೆ," ಎಂದರು. ಸಂಬಳ ಇರಲಿಲ್ಲ, ಮಧ್ಯಾಹ್ನ ಊಟ ಇತ್ತು. ಗುಡಿಸುವುದು, ಗಾಯ ತೊಳೆಯುವುದು, ಸೂಜಿ ಚುಚ್ಚುವಾಗ ಕಾಲು ಹಿಡಿದುಕೊಳ್ಳುವುದು ನನ್ನ ಕೆಲಸ.

ಡಾಕ್ಟರ ಕಾಲದಲ್ಲಿ ಆ ಕೇಂದ್ರ ನಡೆಯುತ್ತಿದ್ದದ್ದು ಹಿಟ್ಟಿನ ಗಿರಣಿಯ ಹಾಗೆ. ರಾಗಿ ಇಟ್ಟು ಹೋಗಿ ಸಂತೆ ಮುಗಿಸಿಕೊಂಡು ಬಂದು ಹಿಟ್ಟು ಒಯ್ಯುವಂತೆ, ಸುತ್ತಲಿನ ಊರುಗಳವರು ಕಾಯಿಲೆ ಬಿದ್ದ ದನವನ್ನೋ ಮೇಕೆಯನ್ನೋ ತಂದು ಬಿಟ್ಟು, ವಾಸಿಯಾದ ಮೇಲೆ ಹೊಡೆದುಕೊಂಡು ಹೋಗುತ್ತಿದ್ದರು. ಬರುವಾಗ ಒಂದು ಹೊರೆ ಕಬ್ಬಿನ ಸೋಗೆ ತರುತ್ತಿದ್ದರು. ಯಾವುದು ಯಾರದೆಂದು ಡಾಕ್ಟರಿಗೆ ನೆನಪಿರುತ್ತಿತ್ತು. ನೆನಪಿಲ್ಲದಿದ್ದರೆ ದನಕ್ಕೇ ನೆನಪಿರುತ್ತಿತ್ತು.

ಅತ್ತೆಯ ಟಗರು ಅಲ್ಲಿಗೆ ಬಂದದ್ದು ಹಾಗೆಯೇ. ನಾನು ಪಾಸಾದ ಮೇಲೆ ಹರಕೆ ತೀರಿಸಬೇಕೆಂದು ಅವಳು ಅದನ್ನು ಹುರುಳಿ ಹಾಕಿ ಬೆಳೆಸಿದ್ದಳು. ಗಿಡ್ಡ ಕಾಲು, ಅಗಲವಾದ ಬೆನ್ನು, ಹಿಂದಿನಿಂದ ನೋಡಿದರೆ ಪೆಟ್ಟಿಗೆ. ಅಷ್ಟರಲ್ಲಿ ಅದಕ್ಕೆ ಕಜ್ಜಿ ಬಿತ್ತು. ಉಣ್ಣೆ ಉದುರಿ, ಬೆನ್ನ ತುಂಬ ಹಕ್ಕಳೆ.

"ಕಜ್ಜಿ ಮರೀನ ಅಮ್ಮನ ಮುಂದೆ ನಿಲ್ಸಾಕಾದದಾ ಮೊಗ? ನಿಮ್ ಡಾಕ್ಟ್ರು ಒಸಿ ನೋಡ್ತರಾ ಕೇಳು," ಎಂದಳು ನನಗೆ.

ಲಗೇಜು ಆಟೋದಲ್ಲಿ ಟಗರನ್ನು ಹತ್ತಿಸಿಕೊಂಡು ಅವಳೇ ಬಂದಳು. ಡಾಕ್ಟರು ನೋಡಿ, "ಬಿಟ್ಟು ಹೋಗಮ್ಮ. ಔಷಧಿ ನೀರಲ್ಲಿ ತೊಳೀತಾ ಇರ್ತೀವಿ. ಉಣ್ಣೆ ಬಂದ್ಮೇಲೆ ಹೊಡ್ಕೊಂಡು ಹೋಗು," ಎಂದರು. ಯಾತಕ್ಕೆ ಸಾಕಿದ್ದೆಂದು ಕೇಳಲಿಲ್ಲ. ನಮ್ಮ ಕಡೆ ಅದನ್ನು ಯಾರೂ ಕೇಳುವುದಿಲ್ಲ. ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಟಗರು ಅಲ್ಲಿರುವಾಗಲೇ ಡಾಕ್ಟರಿಗೆ ಮೊಣಕಾಲು ನೋವು ಹೆಚ್ಚಾಗಿ, ಕೇಂದ್ರವನ್ನು ಹೊರಗಿನ ಒಂದು ಟ್ರಸ್ಟಿಗೆ ವಹಿಸಿಕೊಟ್ಟರು. ನೋಡಿಕೊಳ್ಳಲು ಬಂದವರು ಮಂಗಳೂರು ಕಡೆಯ ಒಬ್ಬ ಮೇಡಂ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಪುಸ್ತಕದಲ್ಲಿರುವ ಹಾಗೆ ಕನ್ನಡ ಮಾತಾಡುತ್ತಿದ್ದರು. ಅವರ ಮಾತು ಕೇಳಲೆಂದೇ ಸೋಗೆ ತರುವ ಹೆಂಗಸರು ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲುತ್ತಿದ್ದರು.

ಹೊಸ ಆಡಳಿತ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಕಾಯಿಲೆಯ ಪ್ರಾಣಿಗಳಿಗೆ ಬೇರೆ ಕೋಣೆಯಾಯಿತು. ನೆಲ ಒಣಗಿತು. ಗೇಟಿನ ಬಳಿ ಔಷಧಿ ನೀರು ತುಂಬಿದ ತೊಟ್ಟಿಯಾಯಿತು, ಅದರಲ್ಲಿ ಪಾದ ಅದ್ದಿಯೇ ಒಳಗೆ ಬರಬೇಕು. ಮೊದಲು ಸಾಯುತ್ತಿದ್ದ ನಾಯಿಮರಿಗಳು ಈಗ ಅಷ್ಟಾಗಿ ಸಾಯುತ್ತಿರಲಿಲ್ಲ. ಆದರೆ ಗಿರಣಿ ಪದ್ಧತಿ ನಿಂತುಹೋಯಿತು. ಟ್ರಸ್ಟು ವಹಿಸಿಕೊಂಡ ದಿನ ಒಳಗಿದ್ದ ಅಷ್ಟೂ ಪ್ರಾಣಿಗಳು ಕೇಂದ್ರದವು ಎಂದಾಯಿತು. ಎಲ್ಲಕ್ಕೂ ಕೊರಳಿಗೆ ನೀಲಿ ಬಿಲ್ಲೆ ಬಿತ್ತು. ಯಾರಾದರೂ ಒಯ್ಯಬೇಕೆಂದರೆ ದತ್ತು ತೆಗೆದುಕೊಂಡಂತೆ. ಮಾರುವುದಿಲ್ಲ, ಕೊಯ್ಯುವುದಿಲ್ಲ, ಸಾಯುವವರೆಗೆ ಸಾಕುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಒಂದು ಪ್ರಮಾಣಪತ್ರ, ಜೊತೆಗೆ ಪ್ರಾಣಿ.

ಇದು ಅತ್ತೆಯ ಟಗರು, ಔಷಧಿಗೆ ಬಿಟ್ಟದ್ದು ಎಂದು ನಾನು ಮೇಡಮ್ಮಿಗೆ ಹೇಳಿದೆ.

"ಒಯ್ಯಲಿ. ನನ್ನದೇನೂ ಅಡ್ಡಿಯಿಲ್ಲ. ಮುಚ್ಚಳಿಕೆ ಮಾತ್ರ ಎಲ್ಲರಿಗೂ ಒಂದೇ," ಎಂದರು.

"ಅದು ಹರಕೆ ಮರಿ ಮೇಡಂ."

ಅವರು ನನ್ನ ಮುಖ ನೋಡಿದರು. "ಹಾಗಾದರೆ ನಾನು ಗೊತ್ತಿದ್ದೂ ಹೇಗೆ ಕೊಡುವುದು, ಹೇಳಿ."

ನಾನು ಮಾಂಸ ತಿನ್ನುವವಳು. ಆ ಟಗರಿನ ಮೈಗೆ ದಿನ ಬಿಟ್ಟು ದಿನ ಔಷಧಿ ತಿಕ್ಕಿದವಳೂ ಹೌದು. ಎರಡೂ ನಿಜವಾಗಿದ್ದರಿಂದ ಯಾವ ಪಕ್ಷವನ್ನೂ ಹಿಡಿಯಲಿಲ್ಲ.

ಉಣ್ಣೆ ತುಂಬಿಕೊಂಡಿದೆ ಎಂದು ತಿಳಿಸಿದ ಮೇಲೆ ಅತ್ತೆ ಬಂದಳು. ಜೊತೆಗೆ ದೊಡ್ಡಪ್ಪನೂ ಬಂದರು. ಬಾಡೂಟಕ್ಕೆ ನೆಂಟರಿಗೆಲ್ಲ ಅವರು ಆಗಲೇ ಹೇಳಿಯಾಗಿತ್ತು. ಗೇಟಿನ ಔಷಧಿ ತೊಟ್ಟಿ ನೋಡಿ, ಪಂಚೆ ಎತ್ತಿಕೊಂಡು, ಕಾಲುವೆ ದಾಟುವ ಹಾಗೆ ಹಾರಿ ಒಳಗೆ ಬಂದರು. ಟಗರಿನ ಕೊರಳ ಬಿಲ್ಲೆ ಮುಟ್ಟಿ, "ಇದೇನಮ್ಮಿ ಇದು, ಟಗರ್ಗೂ ಆಧಾರ್ ಕಾರ್ಡಾ?" ಎಂದರು.

ಮೇಡಂ ಇಬ್ಬರನ್ನೂ ಕುರ್ಚಿ ಹಾಕಿ ಕೂರಿಸಿ, ಮುಚ್ಚಳಿಕೆಯನ್ನು ಓದಿ ಹೇಳಿದರು. ಸಾಯುವವರೆಗೆ ಸಾಕುತ್ತೇವೆ ಎಂಬಲ್ಲಿಗೆ ಬಂದಾಗ ಅತ್ತೆ ಕೈ ಅಡ್ಡ ಹಿಡಿದಳು.

"ಅದ್ನ ನಾನು ಒಪ್ಕಳಾಕಿಲ್ಲ ಕಣವ್ವ. ಇದು ಅಮ್ಮನ್ದು. ನಂದಲ್ಲ."

"ನಿಮ್ಮದಲ್ಲದಿದ್ದರೆ ಒಯ್ಯುವುದು ಹೇಗೆ ಅಮ್ಮ?"

"ನಂದಲ್ಲ ಅಂತ್ಲೇ ಒಯ್ತಿರದು."

ದೊಡ್ಡಪ್ಪ ಅತ್ತೆಯ ಕಡೆ ಬಾಗಿ, ಪಿಸುಗುಡುತ್ತಿದ್ದೇನೆ ಎಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಒತ್ತು ಎಬ್ಬೆಟ್ಟ. ಆಮೇಲೆ ನಮ್ ತ್ವಾಟದಲ್ಲಿ ನಾವ್ ಏನಾರ ಮಾಡ್ಕತೀವಿ. ಇವ್ರೇನು ಅಟ್ಟೀಲಿ ಬಂದು ನೋಡಾರಾ?"

"ಸುಳ್ ಬರ್ಕೊಟ್ಟು ತಂದ ಮರೀನ ಅಮ್ಮನಿಗ್ ಕೊಡಾದಾ ಅಣ್ಣ? ನಿಂಗೆ ಬುದ್ಧಿ ನೆಟ್ಗದದಾ?"

"ಸರಿ, ನೀ ಒತ್ಬ್ಯಾಡ. ಇವ್ಳು ಓದ್ದೋಳಲ್ವಾ, ಇವ್ಳು ಸೈನ್ ಆಕ್ಲಿ," ಎಂದು ನನ್ನ ಕಡೆ ತಿರುಗಿದರು.

"ನಾನು ಹಾಕಲ್ಲ ದೊಡ್ಡಪ್ಪ," ಎಂದೆ.

"ನೋಡ್ದಾ? ಇದಕ್ಕೇ ನಾನ್ ಓದುಸ್ಬ್ಯಾಡಿ ಅಂದಿದ್ದು. ಒಂದ್ ಸೈನ್ಗೂ ಉಪ್ಯೋಗ ಇಲ್ಲ."

ಅತ್ತೆ ನಗಲಿಲ್ಲ. ಅವಳಿಗೆ ಇದು ಆಟವಾಗಿರಲಿಲ್ಲ. ಹರಕೆ ಹೊತ್ತು ತೀರಿಸದಿದ್ದರೆ, ಕೊಟ್ಟದ್ದನ್ನು ಅಮ್ಮ ವಾಪಸು ತೆಗೆದುಕೊಳ್ಳುತ್ತಾಳೆ ಎಂಬುದು ಅವಳ ನಂಬಿಕೆ. ವಾಪಸು ಹೋಗುವುದು ಟಗರಲ್ಲ, ನನ್ನ ಪಾಸು. ಅದರ ಮುಂದಿನ ನನ್ನ ಕೆಲಸ. ಆ ತಿಂಗಳೇ ನಾನೊಂದು ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದೆ. ಪರೀಕ್ಷೆಗೂ ಟಗರಿಗೂ ಏನು ಸಂಬಂಧ ಎಂದು ನಾನು ಹೇಳಬಹುದಿತ್ತು. ಹೇಳಿದ್ದೆ ಕೂಡ, ಮನೆಯಲ್ಲಿ. "ನಿಂಗೊತ್ತಿರದು ನಿಂಗೆ, ನಂಗೊತ್ತಿರದು ನಂಗೆ," ಎಂದು ಮಾತು ಮುಗಿಸಿದ್ದಳು.

ಆ ದಿನ ಟಗರು ಅಲ್ಲೇ ಉಳಿಯಿತು. ಅತ್ತೆ ಎದ್ದು ಹೋಗುವಾಗ ಮೇಡಮ್ಮಿಗೆ, "ನೀವೂ ಬುಡಾಕಿಲ್ಲ, ನಾನೂ ಬುಡಾಕಿಲ್ಲ. ಅವ್ಳನ್ನೇ ಕೇಳ್ಬುಡಾನ. ಮಂಗ್ಳಾರ ತೀರ್ಥ ತತ್ತೀನಿ," ಎಂದಳು.

ಏನದು ಎಂದು ಮೇಡಂ ನನ್ನನ್ನು ಕೇಳಿದರು. ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದೆ. ಹರಕೆಯ ಮರಿಯನ್ನು ನಿಲ್ಲಿಸಿ, ಗುಡಿಯ ತೀರ್ಥವನ್ನು ಅದರ ತಲೆ ಬೆನ್ನಿಗೆ ಹಾಕುತ್ತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿತು ಎಂದು ಅರ್ಥ. ಕೊಡವುವವರೆಗೆ ಯಾರೂ ಕತ್ತಿ ಎತ್ತುವುದಿಲ್ಲ. ಮೂರು ಸಲ ಹಾಕಿದರೂ ಸುಮ್ಮನೆ ನಿಂತರೆ ಬೇಡ ಎಂದ ಹಾಗೆ. ಹಾಗೆ ಬೇಡವಾದ ಮರಿಯನ್ನು ನಾನಂತೂ ಕಂಡಿರಲಿಲ್ಲ. ತಣ್ಣೀರು ಬಿದ್ದರೆ ಯಾವ ಕುರಿಯಾದರೂ ಕೊಡವುತ್ತದೆ.

"ಇದು ಕೊಡವುವುದಿಲ್ಲವಲ್ಲ," ಎಂದರು ಮೇಡಂ.

ಹೌದು, ಕೊಡವುತ್ತಿರಲಿಲ್ಲ. ಅಷ್ಟು ದಿನ ನೀರು ಹುಯ್ಯಿಸಿಕೊಂಡು ಅದಕ್ಕೆ ರೂಢಿಯಾಗಿತ್ತು. ಬಕೆಟ್ಟಿನ ಸದ್ದು ಕೇಳಿದರೆ ತಾನಾಗಿ ಬಂದು ನಿಂತು, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಆ ಸಂಜೆ ಮನೆಗೆ ಹೋಗಿ ಇದನ್ನು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದು ತಿಳಿಯದೆ ಅವಳು ತೀರ್ಥ ಹಾಕುವುದು ನನಗೆ ಬೇಕಿರಲಿಲ್ಲ.

ಒಲೆ ಮುಂದೆ ಕೂತಿದ್ದ ಅತ್ತೆ ಮುದ್ದೆ ತಿರುವುವುದನ್ನು ನಿಲ್ಲಿಸಲಿಲ್ಲ. "ರೂಢಿ ಮಾಡ್ಸಿರೋರು ಯಾರು?"

"ನಾನೇ. ಕಜ್ಜಿ ಔಷಧಿಗೆ."

"ಕಜ್ಜಿ ಬರ್ಸಿರೋರು ಯಾರು?"

ನಾನು ಕಜ್ಜಿ ತರುವ ಹುಳದ ವಿಚಾರ ಹೇಳಲು ಬಾಯಿ ತೆರೆದೆ. ಅವಳು ಮುದ್ದೆ ಕೋಲನ್ನು ನನ್ನ ಕಡೆ ತೋರಿಸಿ, "ಬ್ಯಾಡ. ಯೋಳ್ಬ್ಯಾಡ. ಉಣ್ಣೇಳು," ಎಂದಳು.

ಮಂಗಳವಾರ ಬೆಳಿಗ್ಗೆ ಅತ್ತೆ, ದೊಡ್ಡಪ್ಪ, ನಾನು ಮೂವರೂ ಒಟ್ಟಿಗೆ ಹೊರಟೆವು. ತಂಪು ಪಾನೀಯದ ಖಾಲಿ ಬಾಟಲಿಯೊಂದರಲ್ಲಿ ಗುಡಿಯ ತೀರ್ಥ, ಒಂದು ಹಿತ್ತಾಳೆ ಚೊಂಬು, ಬೇವಿನ ಸೊಪ್ಪು. ಪೂಜಾರಿ ಬೇಡವೇ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, "ಹರಕೆ ಹೊತ್ತೋಳು ನಾನು, ನೀರೂ ನಾನೇ ಆಕ್ತೀನಿ," ಎಂದಿದ್ದಳು. ಅವರಿಗೆ ಅದು ಸರಿ ಬರಲಿಲ್ಲ. ಲಗೇಜು ಆಟೋದವನ ಪಕ್ಕ ಮುಖ ಊದಿಸಿಕೊಂಡು ಕೂತರು.

ಅತ್ತೆ ಔಷಧಿ ತೊಟ್ಟಿಯಲ್ಲಿ ಪಾದ ಅದ್ದಿ, ಗುಡಿಗೆ ಹೋಗುವವಳ ಹಾಗೆ ಒಳಗೆ ಬಂದಳು. ಟಗರನ್ನು ಅಂಗಳದ ನಡುವೆ ನಿಲ್ಲಿಸಿದೆವು. ನಾನು ಹಗ್ಗ ಹಿಡಿದುಕೊಂಡೆ.

ಮೇಡಂ ಕೇಳಿದರು: "ಒಂದು ವೇಳೆ ಕೊಡವಿದರೆ?"

"ಕೊಡವುದ್ರೆ ನೀವು ಬುಡ್ಬೇಕಾಯ್ತದೆ."

"ಆಗಲೂ ನಾನು ಬಿಡುವುದಿಲ್ಲ ಅಮ್ಮ."

"ಬುಡದಿದ್ರೆ ಈ ಗೇಟ್ನಾಗೇ ಕೂತ್ಕತೀನಿ. ಅವ್ಳು ಕೇಳಿದ್ನ ಕೊಡ್ದೆ ನಾನು ಊರ್ಗೋಗಾಕಿಲ್ಲ." ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಬುತ್ತಿಯನ್ನೂ ಕಟ್ಟಿಕೊಂಡು ಬಂದಿದ್ದಳು, ಚೀಲದಲ್ಲಿ ಕಾಣುತ್ತಿತ್ತು.

ಚೊಂಬಿಗೆ ತೀರ್ಥ ಬಗ್ಗಿಸಿ, ಬೇವಿನ ಸೊಪ್ಪು ಅದ್ದಿ, ಟಗರಿನ ತಲೆಯಿಂದ ಬಾಲದವರೆಗೆ ಎಳೆದಳು. ಟಗರು ಸೊಪ್ಪಿನ ಕಡೆ ಕತ್ತು ತಿರುಗಿಸಿ ಒಂದು ಎಲೆ ಕಿತ್ತುಕೊಂಡು ಅಗಿಯಿತು. ಎರಡನೇ ಸಲ ಅಂಗೈಯಿಂದ ಬೆನ್ನಿಗೆ ಹುಯ್ದಳು. ನೀರು ಉಣ್ಣೆಯೊಳಗೆ ಇಳಿದು, ಹೊಟ್ಟೆಯ ಕೆಳಗೆ ತೊಟ್ಟಿಕ್ಕಿತು. ಟಗರು ಕಣ್ಣು ಅರ್ಧ ಮುಚ್ಚಿತು.

"ಕಿವಿಗ್ ಬುಡಮ್ಮಿ," ಎಂದರು ದೊಡ್ಡಪ್ಪ.

ಇದೂ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಚಾರ. ಮರಿ ಸುಮ್ಮನೆ ನಿಂತು ತಡವಾದರೆ ಪೂಜಾರಿ ಮೆಲ್ಲನೆ ಒಂದಿಷ್ಟು ನೀರನ್ನು ಕಿವಿಯೊಳಗೆ ಬಿಡುತ್ತಾನೆ. ಕಿವಿಗೆ ನೀರು ಹೋದ ಯಾವ ಪ್ರಾಣಿಯೂ ಕೊಡವದೆ ನಿಲ್ಲುವುದಿಲ್ಲ. ಜನ ನೋಡಿಯೂ ನೋಡದ ಹಾಗಿರುತ್ತಾರೆ, ಪೂಜಾರಿ ಮಾಡಿಯೂ ಮಾಡದ ಹಾಗಿರುತ್ತಾನೆ, ಡೊಳ್ಳು ಶುರುವಾಗುತ್ತದೆ. ಹಾಗೆ ಒಪ್ಪಿಸಿದ ಮರಿಗಳನ್ನು ಅತ್ತೆಯೂ ಉಂಡಿದ್ದಾಳೆ, ನಾನೂ ಉಂಡಿದ್ದೇನೆ.

ಅತ್ತೆ ಟಗರಿನ ಎಡಗಿವಿಯನ್ನು ಎರಡು ಬೆರಳಿನಲ್ಲಿ ಹಿಡಿದಳು. ಚೊಂಬನ್ನು ಅದರ ಹತ್ತಿರ ತಂದಳು.

"ಆ, ಅಂಗೆ. ಒಸಿ ಬಗ್ಸು," ಎಂದರು ದೊಡ್ಡಪ್ಪ.

ಮೇಡಮ್ಮಿಗೆ ಏನು ನಡೆಯುತ್ತಿದೆ ಎಂದು ಅರ್ಥವಾಗಿ ಒಂದು ಹೆಜ್ಜೆ ಮುಂದೆ ಬಂದರು. ನಾನು ಹಗ್ಗ ಬಿಡಲಿಲ್ಲ. ಬಿಟ್ಟರೆ ಟಗರು ನೇರ ತನ್ನ ಬಕೆಟ್ಟಿನ ಕಡೆ ಹೋಗುತ್ತಿತ್ತು, ಆಗ ಆದದ್ದೆಲ್ಲ ಅರ್ಧಕ್ಕೇ ನಿಲ್ಲುತ್ತಿತ್ತು. ಅದು ನನ್ನಿಂದ ನಿಲ್ಲಬಾರದು ಎಂದು ನನಗೆ ಅನಿಸಿತ್ತು.

ಅತ್ತೆ ಕಿವಿಯನ್ನು ಬಿಟ್ಟಳು. ಚೊಂಬಿನಲ್ಲಿ ಉಳಿದಿದ್ದ ತೀರ್ಥವನ್ನು ಟಗರಿನ ನಡುನೆತ್ತಿಗೆ ಹುಯ್ದಳು, ಪೂರ್ತಿ. ನೀರು ಹಣೆಯಿಂದ ಮೂಗಿನ ಮೇಲೆ ಹರಿದು ಬಾಯಿಗೆ ಬಂತು. ಟಗರು ನಾಲಿಗೆ ಚಾಚಿ ಅದನ್ನು ನೆಕ್ಕಿಕೊಂಡಿತು. ಮೈ ಅಲುಗಾಡಲಿಲ್ಲ.

ಅತ್ತೆ ಚೊಂಬನ್ನು ನೆಲಕ್ಕಿಟ್ಟು, ಊರಿನ ದಿಕ್ಕು ಯಾವುದೆಂದು ನನ್ನನ್ನು ಕೇಳಿ, ಆ ಕಡೆಗೆ ತಿರುಗಿ ಅಡ್ಡಬಿದ್ದಳು. ಏಳುವಾಗ ಸೊಂಟ ಹಿಡಿದುಕೊಂಡಿದ್ದರಿಂದ ಕೈ ಕೊಟ್ಟು ಎಬ್ಬಿಸಿದೆ.

"ಕೇಳಾಯ್ತು. ಬ್ಯಾಡ ಅಂದ್ಲು," ಎಂದಳು.

"ಎಲ್ಲಿ ಬ್ಯಾಡ ಅಂದ್ಲು? ಕಿವಿಗೆ ಬುಟ್ಟಿದ್ರೆ ಅಂತಿದ್ಲಾ?" ದೊಡ್ಡಪ್ಪನ ದನಿ ಜೋರಾಯಿತು. "ನೆಂಟ್ರಿಗೆಲ್ಲ ಯೋಳ್ಬುಟ್ಟಿವ್ನಿ ಕಣಮ್ಮಿ ನಾನು! ಮಂಡ್ಯದಿಂದ ಬೀಗ್ರು ಬತ್ತಾವ್ರೆ!"

"ಕೋಳಿ ಕುಯ್ಯಿ."

"ಟಗರು ಅಂತ ಯೋಳಿ ಕೋಳಿ ಇಕ್ಕಾದಾ?"

"ಉಪ್ಸಾರು ಮುದ್ದೆ ಇಕ್ಕು ಅಂಗಾರೆ. ನಾಲ್ಗೆ ನಿಂದು, ನೆಂಟ್ರೂ ನಿಮ್ಮೋರೆ." ಅವಳು ಮೇಡಂ ಕಡೆ ತಿರುಗಿದಳು. "ಅದೆಂಥದೋ ಓದುದ್ರಲ್ಲ, ಸಾಯೋಗಂಟ ಸಾಕಾದು ಅಂತ. ಈಗ ಎಲ್ಲಿ ಎಬ್ಬೆಟ್ಟು ಒತ್ಬೇಕು ಯೋಳಿ. ಈಗ್ ಒತ್ತುದ್ರೆ ಸುಳ್ಳಾಗಾಕಿಲ್ಲ."

ಕಚೇರಿಯೆಂದರೆ ಆಲೆಮನೆಯವರು ಬೆಲ್ಲದ ಅಚ್ಚು ಜೋಡಿಸುತ್ತಿದ್ದ ಕೋಣೆ. ಮೇಡಂ ಮುಚ್ಚಳಿಕೆಯನ್ನು ಇನ್ನೊಮ್ಮೆ ಮೊದಲಿಂದ ಓದಿದರು. ಈ ಸಲ ಅತ್ತೆ ಕೈ ಅಡ್ಡ ಹಿಡಿಯಲಿಲ್ಲ, ಒಂದೊಂದು ಸಾಲಿಗೂ "ಊ" ಎಂದಳು. ಪ್ರಾಣಿಯ ಹೆಸರು ಎಂಬಲ್ಲಿಗೆ ಬಂದಾಗ ಮೇಡಂ ಪೆನ್ನು ನಿಲ್ಲಿಸಿದರು.

"ಹೆಸರೇನು ಅಮ್ಮ ಇದಕ್ಕೆ?"

"ಟಗರ್ಗೆ ಎಂಥ ಹೆಸ್ರವ್ವ? ಟಗರು."

ಟಗರು ಎಂದೇ ಬರೆದರು. ಅತ್ತೆ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಗೆ ನಾನು ಸಹಿ ಹಾಕಿದೆ. ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆಯಬೇಕಾಗಿರಲಿಲ್ಲ, ಆದರೂ ಬರೆದೆ. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಕತ್ತು ಚಾಚಿ ಅದನ್ನು ಓದಿದರು. ಓದಿ, ಆಟೋದವನಿಗೆ ಹಿಂದಿನ ಹಲಗೆ ಇಳಿಸಲು ಹೇಳಿ ಹೊರಗೆ ಹೋದರು.

ಪ್ರಮಾಣಪತ್ರ ದಪ್ಪ ಕಾಗದದ್ದು, ಸುತ್ತ ಹಸಿರು ಅಂಚು, ಮೂಲೆಯಲ್ಲಿ ನಾಯಿಯ ಪಾದದ ಗುರುತು. ಸ್ವಯಂಸೇವಕರ ಕೈಯಿಂದಲೇ ಕೊಡಿಸುವುದು ರೂಢಿ ಎಂದು ಮೇಡಂ ಅದನ್ನು ನನಗೆ ಕೊಟ್ಟರು. ನಾನು ಎರಡೂ ಕೈಯಿಂದ ಅತ್ತೆಗೆ ಕೊಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು, ನಾಯಿಪಾದದ ಗುರುತನ್ನು ಬೆರಳಿನಿಂದ ಸವರಿ ನೋಡಿದಳು. ಅಷ್ಟರಲ್ಲಿ ಟಗರು ಹಗ್ಗ ಎಳೆದುಕೊಂಡು ಬಾಗಿಲೊಳಗೆ ತಲೆ ಹಾಕಿ, ಕಾಗದದ ಕಡೆಗೆ ಮೂತಿ ಚಾಚಿತು. ಅತ್ತೆ ಅದರ ಮೂಗಿಗೆ ಮೆಲ್ಲನೆ ಒಂದು ಕೊಟ್ಟು, ಪತ್ರವನ್ನು ನನ್ನ ಕೈಗೇ ವಾಪಸು ಇಟ್ಟಳು.

"ನೀನೇ ಮಡಿಕ್ಕ ಮೊಗ. ನನ್ ತಾವ ಇದ್ರೆ ಇವ್ನು ತಿಂದ್ಬುಡ್ತನೆ."